ಚಳಿಯೋ, ದೂರವೋ: ಹೊಸೂರಿನ ಬೆಳಗುಗಳಲ್ಲಿ ಹೈಬ್ರಿಡ್ ಕಾರಿನ ಮೈಲೇಜ್

ಹೊಸೂರು, ಬಾಗಲೂರು, ತಳಿ, ಡೆಂಕಣಿಕೋಟೆಯ ಕಡೆ ಹೈಬ್ರಿಡ್ ಕಾರು ಕೊಂಡವರಲ್ಲಿ ಡಿಸೆಂಬರ್ ಬಂದೊಡನೆ ಒಂದೇ ಬಗೆಯ ಅಸಮಾಧಾನ ಕೇಳಿಬರುತ್ತದೆ. ಮನೆಯಿಂದ ಕೈಗಾರಿಕಾ ಪ್ರದೇಶವಾದ ಸಿಪ್ಕಾಟ್‌ನ ಕಾರ್ಖಾನೆಗೆ ನಾಲ್ಕೈದು ಕಿ.ಮೀ. ಓಡಿಸುವ ಕಾರು, ಕಂಪನಿ ಹೇಳಿದ 27 ಕಿ.ಮೀ. ಮೈಲೇಜಿನ ಹತ್ತಿರ ಮೊದಲೇ ಸುಳಿಯುತ್ತಿರಲಿಲ್ಲ. ಚಳಿಗಾಲದಲ್ಲಿ ಅದೂ ಕೆಳಗಿಳಿದು, ಲೀಟರಿಗೆ 18–19ರಲ್ಲಿ ನಿಲ್ಲುತ್ತದೆ. ಇಷ್ಟು ದುಡ್ಡು ಹಾಕಿ ಕೊಂಡದ್ದು ಇದಕ್ಕೇನಾ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ, ಮತ್ತು ಅದಕ್ಕೆ ಸಿಗುವ ಉತ್ತರ ಸಾಮಾನ್ಯವಾಗಿ ‘ಚಳಿ’ ಎಂಬ ಒಂದೇ ಮಾತಿನಲ್ಲಿ ಮುಗಿಯುತ್ತದೆ. ಆ ಉತ್ತರ ಸುಳ್ಳಲ್ಲ, ಆದರೆ ನಮ್ಮ ಸೀಮೆಯ ಮಟ್ಟಿಗೆ ಅದು ಕಾರಣದ ಸಣ್ಣ ಪಾಲು ಮಾತ್ರ. ದೊಡ್ಡ ಪಾಲು ಇರುವುದು ಪ್ರಯಾಣದ ದೂರದಲ್ಲಿ. ಇವೆರಡನ್ನೂ ಬೇರ್ಪಡಿಸಿ ನೋಡದಿದ್ದರೆ, ಸರಿಪಡಿಸಬಹುದಾದದ್ದನ್ನು ಬಿಟ್ಟು ಸರಿಪಡಿಸಲಾಗದ ಹವೆಯನ್ನೇ ದೂರುತ್ತ ಕೂರಬೇಕಾಗುತ್ತದೆ.

ಇಲ್ಲಿ ಹೈಬ್ರಿಡ್ ಎಂದರೆ ಟೊಯೋಟಾ ಹೈರೈಡರ್, ಮಾರುತಿ ಗ್ರ್ಯಾಂಡ್ ವಿಟಾರಾ, ಇನ್ನೋವಾ ಹೈಕ್ರಾಸ್, ಹೋಂಡಾ ಸಿಟಿಯಂಥ ಕಾರುಗಳ ಸ್ಟ್ರಾಂಗ್ ಹೈಬ್ರಿಡ್ ಮಾದರಿಗಳು, ಅಂದರೆ ಎಂಜಿನ್ ಪೂರ್ತಿ ನಿಂತಿರುವಾಗಲೂ ಮೋಟಾರಿನ ಬಲದಿಂದಲೇ ಸ್ವಲ್ಪ ದೂರ ಚಲಿಸಬಲ್ಲ ಕಾರುಗಳು. ಸಣ್ಣ ಮೋಟಾರು ಎಂಜಿನ್ನಿಗೆ ಕೈಕೊಡುವಷ್ಟಕ್ಕೇ ಸೀಮಿತವಾದ ಮೈಲ್ಡ್ ಹೈಬ್ರಿಡ್‌ಗಳು ಈ ವಿಷಯದಲ್ಲಿ ಹೆಚ್ಚುಕಡಿಮೆ ಮಾಮೂಲಿ ಪೆಟ್ರೋಲ್ ಕಾರಿನಂತೆಯೇ ನಡೆದುಕೊಳ್ಳುತ್ತವೆ.

ಸ್ಟ್ರಾಂಗ್ ಹೈಬ್ರಿಡ್ ಪೆಟ್ರೋಲ್ ಉಳಿಸುವುದು ಮುಖ್ಯವಾಗಿ ಎಂಜಿನ್ನನ್ನು ನಿಲ್ಲಿಸುವುದರಿಂದ. ಸಿಗ್ನಲ್ಲಿನಲ್ಲಿ, ಇಳಿಜಾರಿನಲ್ಲಿ, ನಿಧಾನವಾಗಿ ತೆವಳುವ ವಾಹನಸಾಲಿನಲ್ಲಿ ಎಂಜಿನ್ ನಿಲ್ಲುತ್ತದೆ; ಬ್ರೇಕ್ ಹಾಕಿದಾಗ ವ್ಯರ್ಥವಾಗುತ್ತಿದ್ದ ಶಕ್ತಿಯ ಒಂದಷ್ಟು ಭಾಗ ವಿದ್ಯುತ್ತಾಗಿ ಬ್ಯಾಟರಿಗೆ ಮರಳುತ್ತದೆ; ಎಂಜಿನ್ ಓಡಲೇಬೇಕಾದಾಗ ಅದು ಹೆಚ್ಚು ದಕ್ಷವಾಗಿರುವ ವೇಗ ಮತ್ತು ಹೊರೆಯಲ್ಲಿ ಓಡುವಂತೆ ಕಾರಿನ ಕಂಪ್ಯೂಟರ್ ನೋಡಿಕೊಳ್ಳುತ್ತದೆ. ಆದರೆ ಈ ಎಲ್ಲ ಜಾಣತನಕ್ಕೂ ಒಂದು ಷರತ್ತಿದೆ: ಎಂಜಿನ್ ಕಾದಿರಬೇಕು. ರಾತ್ರಿಯೆಲ್ಲ ನಿಂತು ತಣ್ಣಗಾದ ಎಂಜಿನ್ನನ್ನು ಕಂಪ್ಯೂಟರ್ ತನ್ನಿಚ್ಛೆಯಂತೆ ನಿಲ್ಲಿಸುವ ಹಾಗಿಲ್ಲ.

ಬೆಳಿಗ್ಗೆ ಪವರ್ ಬಟನ್ ಒತ್ತಿ ಹೊರಟಾಗ ಏನಾಗುತ್ತದೆ ಎಂಬುದನ್ನು ಗಮನಿಸಿದರೆ ಇದು ತಿಳಿಯುತ್ತದೆ. ಮೊದಲ ಕೆಲವು ಮೀಟರು ಕಾರು ಸದ್ದಿಲ್ಲದೆ ಮೋಟಾರಿನಲ್ಲೇ ಸಾಗಬಹುದು. ಆದರೆ ಬಹುಬೇಗ, ಬ್ಯಾಟರಿಯಲ್ಲಿ ಬೇಕಾದಷ್ಟು ಚಾರ್ಜ್ ಇದ್ದರೂ, ಎಂಜಿನ್ ತಾನಾಗಿ ಎದ್ದು ಸಾಮಾನ್ಯ ಐಡ್ಲಿಂಗಿಗಿಂತ ಜೋರಾಗಿ ತಿರುಗತೊಡಗುತ್ತದೆ. ಆ ಹೊತ್ತಿನಲ್ಲಿ ಅದರ ಮುಖ್ಯ ಕೆಲಸ ಕಾರನ್ನು ಎಳೆಯುವುದಲ್ಲ, ಸೈಲೆನ್ಸರ್ ಕೊಳವೆಯಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರನ್ನು ಕಾಯಿಸುವುದು. ಹೊಗೆಯ ವಿಷಾನಿಲಗಳನ್ನು ಶುದ್ಧಗೊಳಿಸುವ ಆ ಸಾಧನ ಸುಮಾರು 250ರಿಂದ 300 ಡಿಗ್ರಿ ಸೆಲ್ಸಿಯಸ್ ತಲುಪುವವರೆಗೆ ಸರಿಯಾಗಿ ಕೆಲಸ ಮಾಡುವುದಿಲ್ಲ. ಆದ್ದರಿಂದ ಕಿಡಿಯನ್ನು ಬೇಕೆಂದೇ ತಡವಾಗಿ ಹಾರಿಸಿ, ಬೆಂಕಿಯ ಶಾಖ ಪಿಸ್ಟನ್ನಿನ ಬದಲು ಹೊಗೆಯೊಡನೆ ಕೊಳವೆಗೆ ಹೋಗುವಂತೆ ಮಾಡಲಾಗುತ್ತದೆ. ಮಾಲಿನ್ಯ ನಿಯಂತ್ರಣದ ದೃಷ್ಟಿಯಿಂದ ಇದು ಅಗತ್ಯ, ಮೈಲೇಜಿನ ದೃಷ್ಟಿಯಿಂದ ಶುದ್ಧ ಖರ್ಚು. ಈ ಸಮಯದಲ್ಲಿ, ಮೋಟಾರಿನಲ್ಲೇ ಓಡಿಸುವ ಇವಿ ಮೋಡ್ ಗುಂಡಿ ಒತ್ತಿದರೆ ಅನೇಕ ಕಾರುಗಳು ಒಪ್ಪುವುದಿಲ್ಲ; ಅದನ್ನು ದೋಷವೆಂದು ತಿಳಿದು ಸರ್ವಿಸ್ ಸೆಂಟರಿಗೆ ಹೋಗಬೇಕಾಗಿಲ್ಲ.

ಕನ್ವರ್ಟರ್ ಕಾದ ಮೇಲೂ ಎಂಜಿನ್ನಿನ ಲೋಹ, ಅದರ ಶಾಖವನ್ನು ಹೊರುವ ಕೂಲೆಂಟ್ ದ್ರವ, ಆಯಿಲ್ ತಣ್ಣಗೇ ಇರುತ್ತವೆ. ತಣ್ಣನೆಯ ಸಿಲಿಂಡರಿನಲ್ಲಿ ಪೆಟ್ರೋಲ್ ಪೂರ್ತಿ ಆವಿಯಾಗದು, ಹಾಗಾಗಿ ಇಂಜೆಕ್ಟರುಗಳು ಅಗತ್ಯಕ್ಕಿಂತ ಹೆಚ್ಚು ಪೆಟ್ರೋಲನ್ನು ಸಿಂಪಡಿಸುತ್ತವೆ. ಇಂದಿನ ತೆಳು ಆಯಿಲುಗಳೂ 15 ಡಿಗ್ರಿಯಲ್ಲಿ, ಎಂಜಿನ್ ಪೂರ್ತಿ ಕಾದಾಗ ಇರುವುದಕ್ಕಿಂತ ಸುಮಾರು ಹತ್ತು ಪಟ್ಟು ಮಂದವಾಗಿರುತ್ತವೆ. ಆ ಮಂದ ಆಯಿಲನ್ನು ಕಡೆಯುತ್ತ ತಿರುಗಲು ಎಂಜಿನ್ನು ಹೆಚ್ಚುವರಿ ಬಲ ವ್ಯಯಿಸುತ್ತದೆ. ಕೂಲೆಂಟ್ ಸುಮಾರು 40 ಡಿಗ್ರಿ ದಾಟಿದ ಮೇಲೆ ಎಂಜಿನ್ ಆಗಾಗ ನಿಲ್ಲತೊಡಗುತ್ತದೆ, 70ರ ಆಸುಪಾಸು ತಲುಪಿದ ಮೇಲೆ ಹೈಬ್ರಿಡ್ ತನ್ನ ನಿಜವಾದ ನಡೆಗೆ ಬರುತ್ತದೆ. ಮಾದರಿಯಿಂದ ಮಾದರಿಗೆ ಈ ಅಂಕಿಗಳು ಸ್ವಲ್ಪ ಬದಲಾಗುತ್ತವೆಯಾದರೂ ಕ್ರಮ ಇದೇ.

ಈ ಕಾಯಿಸುವಿಕೆಗೆ ಎಷ್ಟು ಶಾಖ ಬೇಕು? ಅಂದಾಜು ಲೆಕ್ಕ ಹಾಕಿ ನೋಡುವುದು ಒಳ್ಳೆಯದು, ಏಕೆಂದರೆ ಇಡೀ ವಿಷಯದ ತಿರುಳು ಅಲ್ಲಿಯೇ ಇದೆ. ಎಂಜಿನ್ನಿನ ಲೋಹ 90 ಕೆ.ಜಿ., ಕೂಲೆಂಟ್ ಐದಾರು ಲೀಟರ್, ಆಯಿಲ್ ಮೂರು ಮೂರೂವರೆ ಲೀಟರ್ ಎಂದು ಹಿಡಿದರೆ, ಇವೆಲ್ಲವನ್ನೂ 15 ಡಿಗ್ರಿಯಿಂದ 85 ಡಿಗ್ರಿಗೆ ಏರಿಸಲು ಸುಮಾರು 7 ಮೆಗಾಜೂಲ್ ಶಾಖ ಬೇಕಾಗುತ್ತದೆ. ಒಂದು ಲೀಟರ್ ಪೆಟ್ರೋಲಿನಲ್ಲಿರುವ ಶಕ್ತಿ ಸುಮಾರು 32 ಮೆಗಾಜೂಲ್. ಅಂದರೆ ಎಂಜಿನ್ ಕಾಯಿಸಲು ಬೇಕಾದ ಶಾಖವೇ 200 ಮಿ.ಲೀ. ಮೀರಿದ ಪೆಟ್ರೋಲಿನ ಪೂರ್ಣ ಶಕ್ತಿಗೆ ಸಮ. ಇನ್ನೊಂದೆಡೆ, ಲೀಟರಿಗೆ 25 ಕಿ.ಮೀ. ಓಡುವ ಕಾರು 5 ಕಿ.ಮೀ. ದೂರಕ್ಕೆ ಉರಿಸುವ ಪೆಟ್ರೋಲ್ ಒಟ್ಟು 200 ಮಿ.ಲೀ. ಉರಿದ ಪೆಟ್ರೋಲಿನ ಶಕ್ತಿಯಲ್ಲಿ ಸುಮಾರು ಮೂರನೆಯ ಒಂದು ಪಾಲು ಮಾತ್ರ ಎಂಜಿನ್ನಿನ ಮೈಗೆ ಮತ್ತು ಕೂಲೆಂಟಿಗೆ ಸೇರುತ್ತದೆ, ಉಳಿದದ್ದು ಚಕ್ರಕ್ಕೆ ಅಥವಾ ಹೊಗೆಯೊಡನೆ ಹೊರಕ್ಕೆ. ಹಾಗಿದ್ದ ಮೇಲೆ ನಾಲ್ಕೈದು ಕಿ.ಮೀ. ಪ್ರಯಾಣದಲ್ಲಿ ಎಂಜಿನ್ ಪೂರ್ತಿ ಕಾಯುವ ಪ್ರಶ್ನೆಯೇ ಇಲ್ಲ. ಅದು ಕಾಯುತ್ತ ಬರುವ ಹೊತ್ತಿಗೆ ಕಾರ್ಖಾನೆಯ ಗೇಟು ಬಂದಿರುತ್ತದೆ.

ಹೈಬ್ರಿಡ್‌ಗೆ ಇಲ್ಲಿ ಒಂದು ವಿಶೇಷ ಕಷ್ಟವೂ ಇದೆ. ಕಡಿಮೆ ಪೆಟ್ರೋಲ್ ಉರಿಸಿ ಹೆಚ್ಚು ಪಾಲನ್ನು ಚಲನೆಯಾಗಿ ಬದಲಿಸುವ ಎಂಜಿನ್ನು ಶಾಖವನ್ನೂ ಕಡಿಮೆಯೇ ಸೋರಿಸುತ್ತದೆ. ಆದ್ದರಿಂದ ಅದು ಕಾಯುವುದು ನಿಧಾನ. ನಡುನಡುವೆ ನಿಂತಾಗ ಮತ್ತೆ ತಣಿಯುತ್ತದೆ. ಅದರ ಗುಣವೇ ಚಳಿಯ ಬೆಳಗಿನಲ್ಲಿ ಅದರ ಅಡಚಣೆಯಾಗುತ್ತದೆ. ತಯಾರಕರಿಗೆ ಇದು ಮೊದಲಿನಿಂದಲೂ ಗೊತ್ತಿದ್ದ ಸಂಗತಿ. 1997ರಲ್ಲಿ ಜಪಾನಿನಲ್ಲಿ ಬಂದ ಟೊಯೋಟಾ ಪ್ರಿಯಸ್ಸಿನ ಎರಡನೆಯ ತಲೆಮಾರಿನ ಅಮೆರಿಕದ ಮಾದರಿಯಲ್ಲಿ, ಬಿಸಿ ಕೂಲೆಂಟನ್ನು ಕೂಡಿಟ್ಟು ಮರುದಿನ ಬೆಳಿಗ್ಗೆ ಎಂಜಿನ್ನಿಗೆ ಹಿಂದಿರುಗಿಸುವ ಥರ್ಮಾಸ್ ಪಾತ್ರೆಯೊಂದನ್ನು ಅಳವಡಿಸಿದ್ದರು. ಮೂರನೆಯ ತಲೆಮಾರಿನಲ್ಲಿ ಅದನ್ನು ಬಿಟ್ಟು, ಹೊಗೆಯ ಜೊತೆ ಹೋಗುತ್ತಿದ್ದ ಶಾಖವನ್ನು ಹಿಡಿದು ಕೂಲೆಂಟಿಗೆ ಕೊಡುವ ವ್ಯವಸ್ಥೆಯನ್ನು ತಂದರು. ಎಂಜಿನ್ನನ್ನು ಬೇಗ ಕಾಯಿಸಲು ಇಷ್ಟೊಂದು ಶ್ರಮ ಪಟ್ಟಿದ್ದಾರೆಂದರೆ ಆ ಕೆಲವು ನಿಮಿಷಗಳ ಬೆಲೆ ಎಷ್ಟೆಂದು ಊಹಿಸಬಹುದು.

ಈಗ ದೂರದ ಲೆಕ್ಕ. ದೋಸೆ ಹೆಂಚು ಕಾಯಿಸಲು ತಗಲುವ ಗ್ಯಾಸು ಒಂದೇ ದೋಸೆ ಹುಯ್ದರೂ ಅಷ್ಟೇ, ಇಪ್ಪತ್ತು ಹುಯ್ದರೂ ಅಷ್ಟೇ. ಒಂದೇ ದೋಸೆಗಾದರೆ ಆ ಖರ್ಚೆಲ್ಲ ಅದರ ತಲೆಗೇ ಬೀಳುತ್ತದೆ. ತಣ್ಣನೆಯ ಎಂಜಿನ್ನಿನ ಹೆಚ್ಚುವರಿ ಖರ್ಚೂ ಹಾಗೆಯೇ ಪ್ರತಿ ಪ್ರಯಾಣಕ್ಕೆ ಒಂದು ಬಾರಿ ಬೀಳುವಂಥದ್ದು. ಲೆಕ್ಕದ ಅನುಕೂಲಕ್ಕಾಗಿ, ಕಾದ ಸ್ಥಿತಿಯಲ್ಲಿ ಕಾರು ಲೀಟರಿಗೆ 25 ಕಿ.ಮೀ. ಕೊಡುತ್ತದೆಂದೂ, 28 ಡಿಗ್ರಿಯ ದಿನದಲ್ಲಿ ತಣ್ಣನೆಯ ಆರಂಭಕ್ಕೆ 40 ಮಿ.ಲೀ. ಹೆಚ್ಚು ಪೆಟ್ರೋಲ್ ಹೋಗುತ್ತದೆಂದೂ ಹಿಡಿಯೋಣ. 85 ಡಿಗ್ರಿಗೆ ಏರಬೇಕಾದ ಎಂಜಿನ್ 28ರ ಬದಲು 15ರಿಂದ ಹೊರಟರೆ ಏರಬೇಕಾದ ಅಂತರ 57 ಡಿಗ್ರಿಯಿಂದ 70ಕ್ಕೆ, ಎಂದರೆ ಹೆಚ್ಚುಕಡಿಮೆ ಕಾಲು ಪಾಲು, ಬೆಳೆಯುತ್ತದೆ; ಅದೇ ಪ್ರಮಾಣದಲ್ಲಿ ಹೆಚ್ಚುವರಿ ಖರ್ಚು 50 ಮಿ.ಲೀ. ಆಗುತ್ತದೆ ಎನ್ನೋಣ.

ಸಿಪ್ಕಾಟ್‌ಗೆ ಹೋಗುವ 4 ಕಿ.ಮೀ. ಪ್ರಯಾಣಕ್ಕೆ ಕಾದ ಎಂಜಿನ್ನಾದರೆ 160 ಮಿ.ಲೀ. ಸಾಕು. ಬೆಚ್ಚನೆಯ ದಿನದಲ್ಲಿ ಅದು 200 ಮಿ.ಲೀ. ಆಗಿ ಮೈಲೇಜ್ 20ಕ್ಕೆ ಇಳಿಯುತ್ತದೆ. ಚಳಿಯಲ್ಲಿ 210 ಮಿ.ಲೀ. ಆಗಿ 19ಕ್ಕೆ ಇಳಿಯುತ್ತದೆ. ಅಂದರೆ ದೂರ ಕಡಿಮೆ ಇದ್ದದ್ದರಿಂದ ಹೋದದ್ದು ಲೀಟರಿಗೆ 5 ಕಿ.ಮೀ., ಚಳಿಯಿಂದ ಹೋದದ್ದು ಒಂದೇ ಒಂದು. ಅದೇ ಬೀದಿಯಿಂದ ಅದೇ ಚಳಿಯಲ್ಲಿ ಅತ್ತಿಬೆಲೆ ದಾಟಿ ಇಪ್ಪತ್ತು ಕಿ.ಮೀ. ದೂರದ ಎಲೆಕ್ಟ್ರಾನಿಕ್ ಸಿಟಿಗೆ ಹೋಗುವ ನೆರೆಯವರ ಕಾರಿಗೆ 800ರ ಬದಲು 850 ಮಿ.ಲೀ. ತಗಲಿ, ಮೈಲೇಜ್ 23.5 ಇರುತ್ತದೆ. ಕಾರು ಒಂದೇ, ಚಳಿ ಒಂದೇ, ಅಂಕಿ ಮಾತ್ರ ಬೇರೆ. ಇದೇ ಕಾರಣಕ್ಕೆ, ಚಳಿಗಾಲವೆಂದರೆ ಹೆಸರಿಗೆ ಮಾತ್ರ ಎನ್ನುವಂತಿರುವ ಕಾಸರಗೋಡಿನಲ್ಲಿಯೂ ಮನೆಯಿಂದ ಪೇಟೆಗೆ ಮೂರು ಕಿ.ಮೀ. ಮಾತ್ರ ಓಡಿಸುವವರ ಹೈಬ್ರಿಡ್ ಕಡಿಮೆ ಮೈಲೇಜನ್ನೇ ತೋರಿಸುತ್ತದೆ.

ಮಾಮೂಲಿ ಪೆಟ್ರೋಲ್ ಕಾರಿನ ಜೊತೆ ಹೋಲಿಸಿದಾಗಲೂ ಲೀಟರಿಗೆ ಇಷ್ಟು ಕಿ.ಮೀ. ಎಂಬ ಅಳತೆ ದಾರಿ ತಪ್ಪಿಸುತ್ತದೆ. ಕಾದ ಸ್ಥಿತಿಯಲ್ಲಿ 16 ಕಿ.ಮೀ. ಕೊಡುವ ಪೆಟ್ರೋಲ್ ಕಾರಿಗೆ ಅದೇ 4 ಕಿ.ಮೀ.ಗೆ 250 ಮಿ.ಲೀ. ಬೇಕು, ಚಳಿಯ ಆರಂಭದ 50 ಸೇರಿದರೆ 300 ಮಿ.ಲೀ., ಅಂದರೆ 13.3 ಕಿ.ಮೀ. ಕಳೆದುಕೊಂಡದ್ದು ಶೇ 17ರಷ್ಟು. ಹೈಬ್ರಿಡ್ ಕಳೆದುಕೊಂಡದ್ದು ಶೇ 24. ಶೇಕಡಾವಾರು ನೋಡಿದರೆ ಹೈಬ್ರಿಡ್ ಸೋತಂತೆ ಕಾಣುತ್ತದೆ. ಟ್ಯಾಂಕಿನಿಂದ ಹೋದದ್ದನ್ನು ನೋಡಿದರೆ ಪ್ರತಿ ಪ್ರಯಾಣಕ್ಕೂ ಅದು 90 ಮಿ.ಲೀ. ಕಡಿಮೆಯೇ ಕುಡಿದಿದೆ. ಎರಡೂ ಕಾರು ಕಳೆದುಕೊಂಡ ಪೆಟ್ರೋಲ್ ಒಂದೇ ಅಳತೆಯದು, ಆದರೆ ಕಡಿಮೆ ಖರ್ಚಿನವನ ಲೆಕ್ಕದಲ್ಲಿ ಅದು ದೊಡ್ಡದಾಗಿ ಕಾಣುತ್ತದೆ. ಅಮೆರಿಕದ ಇಂಧನ ಇಲಾಖೆ ಕೊಡುವ ಅಂಕಿಗಳಲ್ಲಿಯೂ ಇದೇ ಜಾಡಿದೆ: 25 ಡಿಗ್ರಿಗೆ ಹೋಲಿಸಿದರೆ ಸೊನ್ನೆಗಿಂತ 7 ಡಿಗ್ರಿ ಕೆಳಗಿನ ಹವೆಯಲ್ಲಿ ಮಾಮೂಲಿ ಕಾರಿನ ನಗರ ಮೈಲೇಜ್ ಸುಮಾರು ಶೇ 15ರಷ್ಟು, ಐದಾರು ಕಿ.ಮೀ.ಯ ಕಿರುಪ್ರಯಾಣಗಳಲ್ಲಿ ಶೇ 24ರವರೆಗೆ ಕುಸಿಯುತ್ತದೆ. ಹೈಬ್ರಿಡ್‌ಗಳದ್ದು ಶೇ 30ರಿಂದ 34ರಷ್ಟು. ಈ ಅಂಕಿಗಳನ್ನು ಹಾಗೆಯೇ ಎತ್ತಿ ಹೊಸೂರಿಗೆ ಅನ್ವಯಿಸುವವರಿದ್ದಾರೆ. ಅದು ಸರಿಯಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ನಮ್ಮ ಊರಿನಲ್ಲಿ ಡಿಸೆಂಬರ್–ಜನವರಿಯ ಬೆಳಗುಗಳು ಸಾಮಾನ್ಯವಾಗಿ 14–15 ಡಿಗ್ರಿಯ ಸುತ್ತಮುತ್ತ ಇರುತ್ತವೆ. ಹಿಮ ಬೀಳುವ ನಾಡಿನ ಕಷ್ಟಗಳಲ್ಲಿ ಕೆಲವು ಇಲ್ಲಿಗೆ ಬರುವುದೇ ಇಲ್ಲ.

ಉದಾಹರಣೆಗೆ ಬ್ಯಾಟರಿ. ಸೊನ್ನೆಯ ಹತ್ತಿರದ ಚಳಿಯಲ್ಲಿ ಬ್ಯಾಟರಿಯ ಒಳ ಪ್ರತಿರೋಧ ಹೆಚ್ಚಿ, ಬ್ರೇಕ್ ಹಾಕಿದಾಗ ಸಿಗುವ ವಿದ್ಯುತ್ತನ್ನು ಅದು ಪೂರ್ತಿ ಸ್ವೀಕರಿಸಲಾರದು. 15 ಡಿಗ್ರಿಯಲ್ಲಿ ಆ ತೊಂದರೆ ಅಲ್ಪ. ಇನ್ನು ಗಾಳಿ: 30 ಡಿಗ್ರಿಗಿಂತ 15 ಡಿಗ್ರಿಯ ಗಾಳಿ ಸುಮಾರು ಶೇ 5ರಷ್ಟು ಸಾಂದ್ರ, ಹಾಗಾಗಿ ಹೆದ್ದಾರಿಯ ವೇಗದಲ್ಲಿ ಎದುರುಗಾಳಿಯ ತಡೆ ಅಷ್ಟು ಹೆಚ್ಚು, ಊರೊಳಗಿನ ನಿಧಾನದ ಓಡಾಟಕ್ಕೆ ಇದು ಲೆಕ್ಕಕ್ಕಿಲ್ಲ. ಟೈರ್ ಮಾತ್ರ ಗಮನಿಸಬೇಕಾದದ್ದು. ಉಷ್ಣತೆ 10 ಡಿಗ್ರಿ ಇಳಿದರೆ ಟೈರಿನ ಒತ್ತಡ ಒಂದೂವರೆಯಿಂದ ಎರಡು ಪಿಎಸ್‌ಐ ಇಳಿಯುತ್ತದೆ. ಅಕ್ಟೋಬರಿನ ಮಧ್ಯಾಹ್ನ, ಓಡಿ ಬಿಸಿಯಾದ ಟೈರಿಗೆ ಗಾಳಿ ಹಿಡಿಸಿ ಮರೆತವರು ಜನವರಿಯ ಬೆಳಗಿನಲ್ಲಿ ಅರಿವಿಲ್ಲದೆ ಕಡಿಮೆ ಗಾಳಿಯ ಟೈರಿನಲ್ಲಿ ಓಡುತ್ತಿರುತ್ತಾರೆ. ಚಳಿಗಾಲ ಆರಂಭವಾದಾಗ ಬೆಳಿಗ್ಗೆ, ಟೈರ್ ತಣ್ಣಗಿರುವಾಗಲೇ ಗಾಳಿ ನೋಡಿಸಬೇಕು.

ನಮ್ಮ ಕಡೆಯ ಚಳಿಯಲ್ಲಿ ನಿಜಕ್ಕೂ ಖರ್ಚು ತರುವ ಇನ್ನೊಂದು ಸಂಗತಿ ಮಂಜು. ತಳಿಯ ದಾರಿಯಲ್ಲಾಗಲಿ ಬಾಗಲೂರಿನ ದಾರಿಯಲ್ಲಾಗಲಿ ಗಾಜಿನ ಒಳಮೈ ಮಸುಕಾದೊಡನೆ ಡಿಫಾಗರ್ ಗುಂಡಿ ಒತ್ತುತ್ತೇವೆ. ಹೆಚ್ಚಿನ ಕಾರುಗಳಲ್ಲಿ ಅದು ಗಾಳಿಯ ತೇವ ತೆಗೆಯಲು ಏಸಿ ಕಂಪ್ರೆಸರನ್ನು ಓಡಿಸುತ್ತದೆ, ಜೊತೆಗೆ ಬಿಸಿಗಾಳಿಯನ್ನು ಕೇಳುತ್ತದೆ. ಕಂಪ್ರೆಸರ್ ಬ್ಯಾಟರಿಯಿಂದ ಶಕ್ತಿ ಎಳೆದರೆ, ಬಿಸಿಗಾಳಿ ಎಂಜಿನ್ನಿನ ಶಾಖವನ್ನೇ ಬಯಸುತ್ತದೆ. ಹೀಟರ್ ಹೆಚ್ಚಿಟ್ಟರೆ, ಸಿಗ್ನಲ್ಲಿನಲ್ಲಿ ನಿಲ್ಲಬೇಕಾದ ಎಂಜಿನ್ನು ಕೇವಲ ಒಳಗಿನ ಬಿಸಿಗಾಗಿ ಓಡುತ್ತಲೇ ಇರುತ್ತದೆ. ಎದುರಿನ ದಾರಿ ಕಾಣುವುದಕ್ಕಿಂತ ಪೆಟ್ರೋಲ್ ಹೆಚ್ಚಿನದಲ್ಲ, ಆದ್ದರಿಂದ ಗಾಜು ಮಸುಕಾದಾಗ ಡಿಫಾಗರ್ ಹಾಕಲೇಬೇಕು. ಗಾಜು ತಿಳಿಯಾದ ಮೇಲೆ ಅದನ್ನು ಆರಿಸಿ, ಹೊರಗಾಳಿ ಒಳಬರುವಂತೆ ಬಿಟ್ಟು, ಹೀಟರಿನ ಬದಲು ಸ್ವೆಟರಿನಲ್ಲಿ ಸಾಗುವುದು ಹೊಸೂರಿನ ಚಳಿಗೆ ಧಾರಾಳವಾಗಿ ಸಾಕು.

ಚಳಿಗಾಲದ ಪಾಲು ಕಡಿಮೆ ಎನ್ನಲು ಮತ್ತೊಂದು ಕಾರಣವಿದೆ. ಹೊಸೂರಿನಲ್ಲಾಗಲಿ, ಮಹಾರಾಷ್ಟ್ರದ ಅಕ್ಕಲಕೋಟೆ, ಜತ್ತದಲ್ಲಾಗಲಿ, ಆಂಧ್ರದ ಆದೋನಿ, ರಾಯದುರ್ಗದಲ್ಲಾಗಲಿ, ಬೆಳಿಗ್ಗೆ ಎಷ್ಟು ಕೊರೆದರೂ ಮಧ್ಯಾಹ್ನ ಬಿಸಿಲು ಚೆನ್ನಾಗಿಯೇ ಕಾಯುತ್ತದೆ. ಸಂಜೆ ಐದಕ್ಕೆ ಕೆಲಸ ಬಿಟ್ಟು ಹೊರಡುವವರ ಕಾರು ಬೆಚ್ಚಗಿರುತ್ತದೆ. ದಿನದ ಎರಡು ಪ್ರಯಾಣಗಳಲ್ಲಿ ಚಳಿ ತಟ್ಟುವುದು ಒಂದಕ್ಕೆ. ದೂರದ ಕೊರತೆ ತಟ್ಟುವುದು ಎರಡಕ್ಕೂ.

ಕಂಪನಿಯ 27 ಅಥವಾ 28ರ ಅಂಕಿ ಎಲ್ಲಿಂದ ಬಂತು ಎಂಬುದನ್ನೂ ತಿಳಿದಿರಬೇಕು. ಎಆರ್‌ಎಐಯಂಥ ವಾಹನ ಪರೀಕ್ಷಾ ಸಂಸ್ಥೆಗಳು ಪ್ರಯೋಗಾಲಯದಲ್ಲಿ, ರೋಲರುಗಳ ಮೇಲೆ, ಭಾರತೀಯ ಚಾಲನಾ ಚಕ್ರದ ಪ್ರಕಾರ 1180 ಸೆಕೆಂಡು ಕಾರನ್ನು ಓಡಿಸಿ ಅದನ್ನು ಅಳೆಯುತ್ತವೆ. ಅಲ್ಲಿನ ಹವೆ 20ರಿಂದ 30 ಡಿಗ್ರಿಯೊಳಗೆ ಇರುತ್ತದೆ, ಪ್ರಯಾಣ ಹತ್ತು ಕಿ.ಮೀ. ಮೀರುತ್ತದೆ, ವೇಗವರ್ಧನೆ ಮೃದುವಾಗಿರುತ್ತದೆ, ಏಸಿ ಇರುವುದಿಲ್ಲ. ಒಂದು ಕಾರನ್ನು ಮತ್ತೊಂದಕ್ಕೆ ಹೋಲಿಸಲು ಆ ಅಂಕಿ ನ್ಯಾಯವಾದದ್ದು, ನಾಲ್ಕು ಕಿ.ಮೀ.ಯ ಬೆಳಗಿನ ಓಟಕ್ಕೆ ಅದು ಭರವಸೆಯಲ್ಲ. ಶೇ 20 ಎಥನಾಲ್ ಬೆರೆತ ಪೆಟ್ರೋಲಿನಲ್ಲಿ ಶುದ್ಧ ಪೆಟ್ರೋಲಿಗಿಂತ ಶೇ 6–7ರಷ್ಟು ಶಕ್ತಿ ಕಡಿಮೆ ಇರುತ್ತದೆ ಎಂಬುದೂ ನಿಜವೇ, ಆದರೆ ಆ ಇಳಿಕೆ ವರ್ಷವಿಡೀ ಇರುವಂಥದ್ದು, ಚಳಿಗಾಲದ ತಲೆಗೆ ಕಟ್ಟುವಂಥದ್ದಲ್ಲ.

ಹಾಗಾದರೆ ಮಾಡಬಹುದಾದದ್ದೇನು? ಎಲ್ಲಕ್ಕಿಂತ ಹೆಚ್ಚು ಫಲ ಕೊಡುವುದು ಪ್ರಯಾಣಗಳನ್ನು ಕೂಡಿಸುವುದು. ಮಗುವನ್ನು ಶಾಲೆಗೆ ಬಿಟ್ಟು ಮನೆಗೆ ಬಂದು, ಎಂಜಿನ್ ತಣಿದ ಮೇಲೆ ಮತ್ತೆ ಮಾರುಕಟ್ಟೆಗೆ ಹೊರಟರೆ ಎರಡು ತಣ್ಣನೆಯ ಆರಂಭಗಳ ಖರ್ಚು. ಶಾಲೆಯಿಂದ ನೇರವಾಗಿ ಮಾರುಕಟ್ಟೆಗೆ ಹೋಗಿ ಬಂದರೆ ಒಂದೇ. ಹಲವು ಕಡೆ ಹೋಗುವುದಿದ್ದರೆ ದೂರದ ಜಾಗಕ್ಕೆ ಮೊದಲು ಹೋಗುವುದು ಲೇಸು, ಆಗ ಎಂಜಿನ್ ಒಮ್ಮೆ ಪೂರ್ತಿ ಕಾಯುತ್ತದೆ, ಹತ್ತಿರದ ಕೆಲಸಗಳು ಆ ಶಾಖದಲ್ಲಿಯೇ ಮುಗಿಯುತ್ತವೆ. ಮನೆಯ ಮುಂದೆ ಕಾರನ್ನು ನಿಲ್ಲಿಸಿಕೊಂಡು ಎಂಜಿನ್ ಕಾಯಿಸುವ ಹಳೆಯ ಅಭ್ಯಾಸವನ್ನು ಬಿಡಬೇಕು; ನಿಂತಲ್ಲೇ ಓಡುವ ಎಂಜಿನ್ನಿನ ಮೈಲೇಜ್ ಸೊನ್ನೆ, ಮತ್ತು ಹೊರೆಯಿಲ್ಲದೆ ಅದು ಕಾಯುವುದೂ ನಿಧಾನ. ಹೊರಟುಬಿಡಬೇಕು, ಮೊದಲ ಒಂದೆರಡು ಕಿ.ಮೀ. ಆಕ್ಸಲರೇಟರನ್ನು ಹದವಾಗಿ ಒತ್ತಬೇಕು. ಬ್ಯಾಟರಿಯಲ್ಲೇ ಓಡಿಸಿ ಉಳಿಸುತ್ತೇನೆಂದು ಒದ್ದಾಡುವುದರಲ್ಲಿಯೂ ಹುರುಳಿಲ್ಲ. ಹೈರೈಡರ್‌ನಂಥ ಕಾರಿನ ಬ್ಯಾಟರಿ 0.76 ಕಿಲೋವ್ಯಾಟ್ ಅವರ್‌ನಷ್ಟು ಚಿಕ್ಕದು. ಅದರಲ್ಲಿರುವ ವಿದ್ಯುತ್ತೂ ಪೆಟ್ರೋಲಿನಿಂದ ಬಂದದ್ದೇ, ಖಾಲಿಯಾದೊಡನೆ ತಣ್ಣನೆಯ ಎಂಜಿನ್ನೇ ಅದನ್ನು ಮತ್ತೆ ತುಂಬಬೇಕು. ಶೀತದೇಶಗಳಲ್ಲಿ ಮಾಡುವಂತೆ ಮುಂದಿನ ಗ್ರಿಲ್ ಮುಚ್ಚುವ ಪ್ರಯೋಗ ನಮ್ಮಲ್ಲಿ ಬೇಡವೇ ಬೇಡ, ಮಧ್ಯಾಹ್ನದ ಬಿಸಿಲಿಗೆ ಎಂಜಿನ್ ಅತಿಯಾಗಿ ಕಾಯುವ ಅಪಾಯವಿದೆ. ಹಾಗೆಯೇ ಹಲವು ಮಾದರಿಗಳಲ್ಲಿ ಹಿಂದಿನ ಸೀಟಿನ ಬಳಿ ಬ್ಯಾಟರಿಗೆ ಗಾಳಿ ಹೋಗುವ ಕಿಂಡಿ ಇರುತ್ತದೆ. ಕಂಬಳಿ, ಶಾಲು, ಚೀಲಗಳು ಅದನ್ನು ಮುಚ್ಚದಂತೆ ನೋಡಿಕೊಳ್ಳಬೇಕು.

ಕಿರುಪ್ರಯಾಣಗಳ ಬಗ್ಗೆ ಮೈಲೇಜಿಗಿಂತ ನನಗೆ ಹೆಚ್ಚು ಕಳವಳ ತರುವುದು ಆಯಿಲಿನ ಸ್ಥಿತಿ. ತಣ್ಣನೆಯ ಸಿಲಿಂಡರಿನಲ್ಲಿ ಆವಿಯಾಗದ ಪೆಟ್ರೋಲು ಗೋಡೆಗಂಟಿ, ಪಿಸ್ಟನ್ ರಿಂಗುಗಳನ್ನು ದಾಟಿ ಕೆಳಗಿನ ಆಯಿಲಿಗೆ ಸೇರುತ್ತದೆ. ಉರಿದಾಗ ಹುಟ್ಟುವ ನೀರಾವಿಯೂ ಅಲ್ಲಿಯೇ ಹನಿಯಾಗುತ್ತದೆ. ಎಂಜಿನ್ ಆಗಾಗ ಪೂರ್ತಿ ಕಾದರೆ ಇವೆರಡೂ ಆವಿಯಾಗಿ ಹೊರಹೋಗುತ್ತವೆ. ವಾರವಿಡೀ ನಾಲ್ಕು ಕಿ.ಮೀ.ಯೇ ಓಡುವ ಕಾರಿನಲ್ಲಿ ಅದಕ್ಕೆ ಅವಕಾಶವೇ ಸಿಗದೆ ಆಯಿಲ್ ತೆಳುವಾಗಿ ಕೆಡುತ್ತ ಹೋಗುತ್ತದೆ. ಇಂಥವರು ಕಿ.ಮೀ. ಲೆಕ್ಕ ಇನ್ನೂ ಮುಗಿದಿಲ್ಲವೆಂದು ಕಾಯದೆ, ಕೈಪಿಡಿಯಲ್ಲಿ ಹೇಳಿರುವ ತಿಂಗಳುಗಳ ಲೆಕ್ಕಕ್ಕೆ ಸರಿಯಾಗಿ, ಅಲ್ಲಿ ಹೇಳಿರುವ ದರ್ಜೆಯದೇ ಆಯಿಲ್ ಹಾಕಿಸಬೇಕು. ವಾರಕ್ಕೊಮ್ಮೆಯಾದರೂ ಅರ್ಧ ಗಂಟೆಗೆ ಕಡಿಮೆಯಿಲ್ಲದಂತೆ ಓಡಿಸಬೇಕು. ಕೃಷ್ಣಗಿರಿಯವರೆಗೆ ಹೋಗಿಬಂದರೆ ಬೇಕಾದಷ್ಟಾಯಿತು.

ಇನ್ನೂ ಕೊಳ್ಳದವರು ತಮ್ಮ ಓಡಾಟವನ್ನು ಮೊದಲು ಅಳೆಯುವುದು ಒಳ್ಳೆಯದು. ಮೇಲಿನ ಅಂದಾಜುಗಳನ್ನೇ ಇಟ್ಟುಕೊಂಡರೆ, ದಿನಕ್ಕೆರಡು ಬಾರಿ 4 ಕಿ.ಮೀ.ಯಂತೆ ವರ್ಷಕ್ಕೆ 300 ದಿನ ಓಡಿಸುವವರು ಪೆಟ್ರೋಲ್ ಕಾರಿಗೆ ಹೋಲಿಸಿದರೆ ವರ್ಷಕ್ಕೆ ಐವತ್ತು ಚಿಲ್ಲರೆ ಲೀಟರ್ ಉಳಿಸುತ್ತಾರೆ, ಲೀಟರಿಗೆ ನೂರು ರೂಪಾಯಿಯ ಲೆಕ್ಕದಲ್ಲಿ ಐದು ಸಾವಿರಕ್ಕೆ ಸ್ವಲ್ಪ ಮೇಲೆ. ಹೈಬ್ರಿಡ್‌ಗೆ ತೆರುವ ಹೆಚ್ಚುವರಿ ಬೆಲೆ ಲಕ್ಷಗಳಲ್ಲಿರುವಾಗ ಹಾಕಿದ ದುಡ್ಡು ಹುಟ್ಟುವುದಿಲ್ಲ. ಎಲೆಕ್ಟ್ರಾನಿಕ್ ಸಿಟಿಗೆ ಓಡಾಡುವವರಿಗೆ ಅದೇ ಉಳಿತಾಯ 270 ಲೀಟರಿನ ಹತ್ತಿರ. ಒಬ್ಬರೇ ಸಿಪ್ಕಾಟ್‌ಗೆ ಹೋಗಿಬರುವುದಾದರೆ ಎಥರ್, ಐಕ್ಯೂಬ್‌ನಂಥ ಎಲೆಕ್ಟ್ರಿಕ್ ಸ್ಕೂಟರುಗಳು ಹೊಸೂರಿನಲ್ಲಿಯೇ ತಯಾರಾಗುತ್ತವೆ. ಕಾಯಿಸಬೇಕಾದ ಎಂಜಿನ್ನೇ ಇಲ್ಲದ ವಾಹನಕ್ಕೆ ನಾಲ್ಕು ಕಿ.ಮೀ. ಒಂದು ತೊಡಕೇ ಅಲ್ಲ.

ಈಗಾಗಲೇ ಕಾರು ಇರುವವರು ಅದು ಸರಿಯಾಗಿದೆಯೇ ಎಂದು ತಿಳಿಯಲು ಮೀಟರಿನ ಒಂದೊಂದು ಪ್ರಯಾಣದ ಅಂಕಿಯನ್ನು ನಂಬಬಾರದು. ಟ್ಯಾಂಕ್ ಫುಲ್ ಮಾಡಿಸಿ, ಮುಂದಿನ ಬಾರಿ ಫುಲ್ ಮಾಡಿಸುವಾಗ ಹಿಡಿದ ಲೀಟರಿನಿಂದ ಓಡಿದ ಕಿ.ಮೀ.ಯನ್ನು ಭಾಗಿಸಬೇಕು. ಇಪ್ಪತ್ತು ಮೂವತ್ತು ಕಿ.ಮೀ.ಯ ನಿರಂತರ ಓಟದಲ್ಲಿ ಮೈಲೇಜ್ ಹಿಂದಿನ ಮಟ್ಟಕ್ಕೆ ಬಂದರೆ ಕಾರಿನಲ್ಲಿ ದೋಷವಿಲ್ಲ, ಕಿರುಪ್ರಯಾಣದ ಪರಿಣಾಮವಷ್ಟೇ. ಅಷ್ಟು ದೂರ ಓಡಿದ ಮೇಲೂ ಅಂಕಿ ಏರದೆ, ಎಂಜಿನ್ ನಿಲ್ಲಬೇಕಾದಲ್ಲಿ ನಿಲ್ಲದೆ ಓಡುತ್ತಲೇ ಇದ್ದರೆ, ಟೈರಿನ ಗಾಳಿ ಮತ್ತು ಹಿಡಿದುಕೊಂಡ ಬ್ರೇಕುಗಳನ್ನು ನೋಡಿಸಿದ ಮೇಲೆ ಥರ್ಮೋಸ್ಟಾಟ್ ಎಂಬ ಕವಾಟವನ್ನು ಪರೀಕ್ಷಿಸಲು ಕೇಳಬೇಕು. ಅದು ತೆರೆದ ಸ್ಥಿತಿಯಲ್ಲೇ ಸಿಕ್ಕಿಕೊಂಡರೆ ಕೂಲೆಂಟ್ ಸದಾ ರೇಡಿಯೇಟರಿಗೆ ಹರಿದು ತಣಿಯುತ್ತಲೇ ಇರುತ್ತದೆ. ಬೇಸಿಗೆಯಲ್ಲಿ ಯಾರಿಗೂ ತಿಳಿಯದ ಈ ದೋಷ ಹೊರಬೀಳುವುದು ಚಳಿಗಾಲದ ಬೆಳಗಿನಲ್ಲಿಯೇ.